ಗಟ್ಟಿ ಗಾರೆಯೇ ಗೋಡೆಗೆ ಮುಳುವಾಗಿದೆ: ಮೂರು ತಾಲ್ಲೂಕಿನ ಮನೆಯವರಿಗೊಂದು ಬಹಿರಂಗ ಪತ್ರ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಮನೆ ಯಜಮಾನರೇ, ಯಜಮಾನಿಯರೇ, ಗಾರೆ ಮೇಸ್ತ್ರಿಗಳೇ,

ಆಶ್ಲೇಷಾ ಮಳೆ ಹಿಂದೆ ಸರಿದ ಮೇಲೆ ಮೂರೂ ತಾಲ್ಲೂಕುಗಳಲ್ಲಿ ಕಾಣುವುದು ಒಂದೇ ನೋಟ. ಪಡುವಣ ಗೋಡೆಯ ಬಣ್ಣ ಬೊಬ್ಬೆ ಎದ್ದಿರುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಇಳಿದಿರುತ್ತದೆ. ಬುಡದಲ್ಲಿ ಎರಡಡಿ ಎತ್ತರಕ್ಕೆ ಗಾರೆ ಚಕ್ಕೆಚಕ್ಕೆಯಾಗಿ ಉದುರಿರುತ್ತದೆ. ನೀವು ಮೇಸ್ತ್ರಿಯನ್ನು ಕರೆಸಿ, "ಸಿಮೆಂಟ್ ಸ್ವಲ್ಪ ಜಾಸ್ತೀನೇ ಹಾಕಿ, ಗಟ್ಟಿಯಾಗಿ ಹೊಡೆದುಬಿಡಿ ಮಾರಾಯ್ರೆ" ಅನ್ನುತ್ತೀರಿ. ಅವರೂ ಹಾಗೇ ಹೊಡೆಯುತ್ತಾರೆ. ಕೆಲವೇ ಮಳೆಗಾಲ ಕಳೆಯುವುದರೊಳಗೆ ಆ ತೇಪೆಯೂ ಬೀಳುತ್ತದೆ. ಬೀಳುವಾಗ ಗೋಡೆಯನ್ನೂ ಒಂದಿಷ್ಟು ಕಿತ್ತುಕೊಂಡೇ ಬೀಳುತ್ತದೆ. ನಮ್ಮ ಹಳೆಯ ಮನೆಗಳ ಮಟ್ಟಿಗೆ ಆ "ಗಟ್ಟಿಯಾಗಿ ಹೊಡೆದುಬಿಡಿ" ಎಂಬ ಮಾತೇ ಕೇಡಿನ ಮೂಲ. ಅದನ್ನು ಹೇಳಲೆಂದೇ ಈ ಪತ್ರ.

ನಂಬಿಕೆ ಬಾರದಿದ್ದರೆ ಉದುರಿದ ಒಂದು ಚಕ್ಕೆಯನ್ನು ಎತ್ತಿ ತಿರುವಿ ನೋಡಿ. ಮುಂದೆ ಬಣ್ಣದ ಪೊರೆ, ನಡುವೆ ಸಿಮೆಂಟಿನ ಬೂದು, ಹಿಂದೆ ಅಂಟಿಕೊಂಡ ಕೆಮ್ಮಣ್ಣಿನ ಪದರ. ಉಗುರಿನಿಂದ ಕೆರೆದರೆ ಆ ಮಣ್ಣು ತೇವ ತೇವವಾಗಿ ಪುಡಿಯಾಗುತ್ತದೆ. ಅಲ್ಲಲ್ಲಿ ಬಿಳಿ ಸೌಳು. ಗಾರೆಯ ಹಿಡಿತ ಸಡಿಲವಾಗಿಲ್ಲ. ಅದು ಹಿಡಿದುಕೊಂಡಿದ್ದ ಗೋಡೆಯೇ ಒಳಗೊಳಗೆ ಕರಗಿದೆ.

ಮಣ್ಣಿನ ಗೋಡೆ, ಜಂಬಿಟ್ಟಿಗೆ ಗೋಡೆ ಎರಡೂ ನೀರು ಕುಡಿಯುವ ಜಾತಿಯವು. ಮಳೆಗಾಲದಲ್ಲಿ ತೇವ ಹೀರುತ್ತವೆ, ಬೇಸಿಗೆಯಲ್ಲಿ ಬಿಡುತ್ತವೆ. ಮಣ್ಣಂತೂ ಒದ್ದೆಯಾದಾಗ ಹಿಗ್ಗಿ, ಒಣಗಿದಾಗ ಕುಗ್ಗುತ್ತದೆ. ಅದರ ಮೇಲೆ ಕೂತ ಸಿಮೆಂಟ್ ಗಾರೆಗೆ ಆ ಬಾಗುವಿಕೆ ಇಲ್ಲ. ಸಿಮೆಂಟ್ ಹೆಚ್ಚಾದಷ್ಟೂ ಒಣಗುವಾಗ ಹೆಚ್ಚು ಕುಗ್ಗಿ ಕೂದಲೆಳೆಯ ಬಿರುಕು ಬಿಡುತ್ತದೆ. ಆ ಬಿರುಕಿನಿಂದ ಇರಚಲು ನೀರು ಒಳಗೆ ಹೋಗುತ್ತದೆ. ಹೊರಬರಲು ಮಾತ್ರ ದಾರಿ ಸಾಲದು. ಮೇಲೆ ಹೊಳೆಯುವ ಬಣ್ಣದ ಎರಡು ಕೋಟು ಬಳಿದರೆ ಇದ್ದ ಸಣ್ಣ ದಾರಿಯೂ ಮುಚ್ಚಿತು. ನೆಲದ ತೇವವೂ ಬುಡದಿಂದ ಏರಿ ಅಲ್ಲೇ ಸಿಕ್ಕಿಬೀಳುತ್ತದೆ. ನೀರು ಹೇಗೋ ಆರಿದರೂ ಅದರಲ್ಲಿ ಕರಗಿದ್ದ ಲವಣ ಗಾರೆಯ ಬೆನ್ನಿಗೆ ಹರಳುಗಟ್ಟಿ ಅದನ್ನು ಹೊರಕ್ಕೆ ತಳ್ಳುತ್ತದೆ. ನೀವು ಕಾಸು ಕೊಟ್ಟು ಕೊಂಡ ಗಟ್ಟಿತನವೇ ಗೋಡೆಯನ್ನು ವರ್ಷವಿಡೀ ಒದ್ದೆಯಲ್ಲಿಡುತ್ತಿದೆ.

ವರ್ಷಕ್ಕೆ ಸುಮಾರು ಏಳು ಸಾವಿರ ಮಿ.ಮೀ. ಮಳೆ ಸುರಿಯುವ ಆಗುಂಬೆ ಶೃಂಗೇರಿಯಿಂದ 30 ಕಿ.ಮೀ. ಆಸುಪಾಸಿನಲ್ಲಿದೆ. ಅಂಥ ಮಳೆಯ ಸೀಮೆಯಲ್ಲಿ ನಮ್ಮ ಹಿರಿಯರು ಮಣ್ಣಿನ ಮನೆ ಕಟ್ಟಿ ತಲೆಮಾರುಗಟ್ಟಲೆ ಬಾಳಿದ್ದು ಗಾರೆಯ ಬಲದಿಂದಲ್ಲ. ಸೂರನ್ನು ಗೋಡೆಯಿಂದ ಮೂರು ನಾಲ್ಕು ಅಡಿ ಹೊರಕ್ಕೆ ಚಾಚಿದರು, ಜಗಲಿ ಬಿಟ್ಟರು, ಪಾಯವನ್ನು ಕಲ್ಲಿನಲ್ಲಿ ಎತ್ತರಿಸಿದರು. ಮಳೆಗಾಲಕ್ಕೆ ಮುಂಚೆ ಇರಚಲು ಬಡಿಯುವ ಕಡೆಗೆಲ್ಲ ಅಡಕೆ ಸೋಗೆಯ ತಟ್ಟಿ ಕಟ್ಟಿದರು. ಅಡಕೆ ಗೊನೆಗೆ ಕೊಳೆ ತಾಗದಿರಲೆಂದು ಕರಡದ ಕೊಟ್ಟೆ ಕಟ್ಟುತ್ತಿದ್ದ ಕೈಗಳೇ ಗೋಡೆಗೂ ಕೊಟ್ಟೆ ಕಟ್ಟಿದವು. ಮೇಲಿನ ಕೆಮ್ಮಣ್ಣೋ ಸುಣ್ಣವೋ ಸವೆದರೆ ಸವೆಯಲಿ, ದೀಪಾವಳಿಗೆ ಮತ್ತೆ ಬಳಿದರಾಯಿತು, ಗೋಡೆ ಉಳಿಯಬೇಕು ಎಂಬುದು ಅವರ ಲೆಕ್ಕ. ಅದು ಸರಿಯಾದ ಲೆಕ್ಕ. ಟಾರಸಿ ಮನೆ ಬಂದಾಗ ನಾವು ಕಳೆದುಕೊಂಡದ್ದು ಸೂರನ್ನು. ಈಗ ಟಾರಸಿಯ ಮೇಲೆ ಮತ್ತೆ ಶೀಟು ಹೊದಿಸುತ್ತಿದ್ದೇವೆ. ಹೊದಿಸುವುದು ಒಳ್ಳೆಯದೇ, ಆದರೆ ಆ ಶೀಟು ಗೋಡೆಯಿಂದಾಚೆ ಧಾರಾಳವಾಗಿ ಚಾಚಿರಲಿ.

ಸುಣ್ಣದ ವಿಷಯ ಬಂದಾಗ ಮನಸ್ಸಿಗೆ ನೋವಾಗುತ್ತದೆ. 1910ರ ಹೊತ್ತಿಗೆ ಮೈಸೂರು ಸರ್ಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಕಲಿಸಿಕೊಟ್ಟ ಮೇಲೆ ಸುಣ್ಣ ಅರಳಿಸುವುದು ನಮ್ಮ ಪ್ರತಿ ತೋಟದ ಮನೆಯ ವಿದ್ಯೆಯಾಯಿತು. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಎಂಬುದು ಮಕ್ಕಳಿಗೂ ಬಾಯಿಪಾಠ. ಮರಕ್ಕೆ ಒಳ್ಳೆಯ ಸುಣ್ಣವನ್ನು ಆರಿಸಿ ತರುವ ಅದೇ ಮನೆಯ ಗೋಡೆಗೆ ಸುಣ್ಣ ಬಳಿಯುವುದು ಬಡವರ ಲಕ್ಷಣ ಎಂದಾದದ್ದು ಹೇಗೆ? ಸುಣ್ಣದ ಗಾರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ, ಗೋಡೆಯ ತೇವವನ್ನು ಹೊರಹೋಗಲು ಬಿಡುತ್ತದೆ, ಸಣ್ಣಪುಟ್ಟ ಅಲುಗಾಟವನ್ನು ತಾಳಿಕೊಳ್ಳುತ್ತದೆ. ನಮ್ಮ ಗೋಡೆಗೆ ಬೇಕಾದದ್ದು ಅಷ್ಟೇ.

ಮೇಸ್ತ್ರಿಗಳೇ, ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಬಿದ್ದ ಜಾಗವನ್ನಷ್ಟೇ ನೋಡಬೇಡಿ. ಕರಣೆಯ ಹಿಡಿಯಿಂದ ಸುತ್ತಲೂ ತಟ್ಟುತ್ತಾ ಬನ್ನಿ. ಟೊಳ್ಳು ಸದ್ದು ಬರುವಷ್ಟು ಜಾಗವನ್ನು ಚೌಕವಾಗಿ, ಅಂಚು ನೇರವಾಗಿ ಕತ್ತರಿಸಿ ತೆಗೆಯಿರಿ. ಪಾಚಿ, ಸೌಳು ಎರಡನ್ನೂ ಒಣ ಬ್ರಷ್ಷಿನಿಂದ ಉಜ್ಜಿ. ಮಣ್ಣಿನ ಗೋಡೆಯಾದರೆ ಅದೇ ಜಾತಿಯ ಮಣ್ಣನ್ನು ಜರಡಿ ಹಿಡಿದು, ಕತ್ತರಿಸಿದ ಒಣಹುಲ್ಲು ಸೇರಿಸಿ, ಕೆಲವು ದಿನ ಕೊಳೆಹಾಕಿ ತುಳಿದು ಮೆತ್ತಿ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಇಂಥ ಮಣ್ಣಿಗೆ ಸೀಮೆಎಣ್ಣೆಯಲ್ಲಿ ತೆಳುವಾಗಿಸಿದ ಡಾಂಬರು ಬೆರೆಸಿ ಮಳೆಗೆ ಸುಲಭವಾಗಿ ಕೊಚ್ಚಿಹೋಗದ ಮಣ್ಣಿನ ಗಾರೆ ಮಾಡಿ ತೋರಿಸಿದ್ದಾರೆ, ಪ್ರಯತ್ನಿಸಬಹುದು. ಜಂಬಿಟ್ಟಿಗೆಗೆ ಒಂದು ಪಾಲು ಅರಳಿದ ಸುಣ್ಣ, ಮೂರು ಪಾಲು ಮರಳು ಸಾಕು. ಸಿಮೆಂಟ್ ಇಟ್ಟಿಗೆಯ ಹೊಸ ಮನೆಯಾದರೆ ಒಂದು ಸಿಮೆಂಟ್, ಒಂದು ಸುಣ್ಣ, ಆರು ಮರಳು. ಎಂ-ಸ್ಯಾಂಡ್ ಬಳಸುವುದಾದರೆ ಗಾರೆಗೆಂದೇ ಸೋಸಿದ್ದನ್ನು ತರಿಸಿ, ಧೂಳು ತುಂಬಿದ್ದು ಬೇಡ. ಗೋಡೆಯನ್ನು ಮೊದಲು ನೆನೆಸಿ, ಒಂದು ಪದರ ಅರ್ಧ ಇಂಚಿಗಿಂತ ಹೆಚ್ಚು ದಪ್ಪವಾಗದಿರಲಿ. ಕಂಬವೂ ಇಟ್ಟಿಗೆಯೂ ಕೂಡುವ ಸಂದಿಗೆ ತಂತಿ ಬಲೆ ಹೊಡೆಯಿರಿ. ಬೇಗ ನುಣುಪಾಗಲಿ ಎಂದು ಒಣ ಸಿಮೆಂಟ್ ಎರಚಿ ತಿಕ್ಕುವ ಅಭ್ಯಾಸವನ್ನು ದಯವಿಟ್ಟು ಬಿಡಿ, ಮೈತುಂಬ ಬಿರುಕು ಹುಟ್ಟುವುದು ಅಲ್ಲಿಂದಲೇ. ಸಿಮೆಂಟ್ ಗಾರೆಯಾದರೆ ಏಳು ದಿನ ನೀರುಣಿಸಿ.

ಮನೆಯವರೇ, ಈ ಕೆಲಸವನ್ನು ಮೇ ತಿಂಗಳ ಕೊನೆಗೆ ತಳ್ಳಬೇಡಿ. ಅಡಕೆ ಕೊಯ್ಲಿನ ದಿನಗಳಲ್ಲಿ ಆಳು ಸಿಗುವುದಿಲ್ಲ, ಗೊತ್ತು. ಆದರೂ ಬಿಸಿಲು ಕಾದು ಗೋಡೆ ಚೆನ್ನಾಗಿ ಆರಿದ ಶಿವರಾತ್ರಿಯ ಆಚೀಚೆ ಮಾಡಿಸಿದರೆ ಸುಣ್ಣ ಹಿಡಿಯಲು ಎರಡು ಮೂರು ತಿಂಗಳು ಸಿಗುತ್ತದೆ. ಮೇಸ್ತ್ರಿ ಬಂದ ದಿನ ಗೋಡೆ ತೋರಿಸುವುದಕ್ಕೆ ಮುಂಚೆ ಒಡೆದ ಹಂಚು, ತೂತು ಬಿದ್ದ ದೋಣಿ, ಸಜ್ಜಾದ ಕೆಳಗೆ ಹಿಂದಕ್ಕೆ ಹರಿಯುವ ನೀರು, ಸೂರಿನ ಹನಿ ಬಿದ್ದು ಬುಡಕ್ಕೆ ಸಿಡಿಯುವ ಜಾಗ ಇಷ್ಟನ್ನೂ ತೋರಿಸಿ. ಅವನ್ನು ಸರಿಪಡಿಸಿದ ಮೇಲೆಯೇ ಗಾರೆ ಕಲಸಲು ಹೇಳಿ.