ಹೊಳೆಯೊಳಗೆ ನಿಂತಿರುವ ಕಂಬಗಳಿಗೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ ಮತ್ತು ಎಚ್.ಡಿ.ಕೋಟೆ ಸೀಮೆಯ ಹೊಳೆಗಳಲ್ಲಿ ಬಹುಕಾಲದಿಂದ ಠಿಕಾಣಿ ಹೂಡಿರುವ ಸೇತುವೆ ಕಂಬಗಳೇ, ಜಾಕ್‌ವೆಲ್‌ಗಳೇ, ಅಣೆಕಟ್ಟೆಗಳೇ, ದಡದ ಲೈಟು ಕಂಬಗಳೇ,

ವಿಷಯ: ತಾವು ಮರಳಿಗೆ ಅಡ್ಡವಾಗಿ ನಿಂತಿರುವ ಬಗ್ಗೆ.

ನಿಮ್ಮನ್ನು ಕಾಪಾಡಲು ಸರ್ಕಾರ ಏನೂ ಮಾಡಿಲ್ಲವೆಂದು ದೂರಬೇಡಿ. ಕೇಂದ್ರ ಪರಿಸರ ಸಚಿವಾಲಯದ 2020ರ ಮರಳುಗಾರಿಕೆ ಮಾರ್ಗಸೂಚಿ ನಿಮಗೆ ಟೇಪು ಹಿಡಿದು ರಕ್ಷಣೆ ಕೊಟ್ಟಿದೆ. ದೊಡ್ಡ ಸೇತುವೆಯಾದರೆ ಎರಡೂ ಕಡೆ 1 ಕಿ.ಮೀ. ಒಳಗೆ ಮರಳು ತೆಗೆಯುವಂತಿಲ್ಲ; ಇಲ್ಲವೇ ಸೇತುವೆಯ ಅಳತೆಯ ಐದು ಪಟ್ಟು ಮೇಲ್ದಿಕ್ಕಿಗೆ, ಹತ್ತು ಪಟ್ಟು ಕೆಳದಿಕ್ಕಿಗೆ, ಕನಿಷ್ಠವೆಂದರೂ 250 ಮತ್ತು 500 ಮೀಟರ್. ನೀರೆತ್ತುವ ಜಾಗಗಳೂ ಈ ಲೆಕ್ಕದಲ್ಲೇ ಬರುತ್ತವೆ. ಇಲ್ಲೊಂದು ವಿಚಿತ್ರವನ್ನು ಗಮನಿಸಿ: ನೀರು ಬರುವುದು ಮೇಲಿನಿಂದ, ಹೆಚ್ಚು ಜಾಗ ಬಿಟ್ಟಿರುವುದು ಕೆಳಗೆ. ಯಾಕೆಂದರೆ ಹೊಳೆಯಲ್ಲಿ ತೋಡಿದ ಗುಂಡಿ ತೋಡಿದಲ್ಲೇ ಇರುವುದಿಲ್ಲ. ನೀರು ಗುಂಡಿಯ ಮೇಲಂಚಿನಿಂದ ಧುಮುಕುವಾಗ ಅಂಚನ್ನು ಕೊರೆಯುತ್ತದೆ, ಅಂಚು ಹಿಂದಕ್ಕೆ ಸರಿಯುತ್ತದೆ, ಮಳೆಗಾಲ ಮಳೆಗಾಲಕ್ಕೆ ಗುಂಡಿ ಹೊಳೆಯನ್ನು ಹತ್ತುತ್ತಾ ನಿಮ್ಮ ಬುಡದ ಕಡೆಗೆ ಬರುತ್ತದೆ. ಇದು ನಿಯಮ ಬರೆದವರಿಗೆ ಗೊತ್ತಿತ್ತು. ಆದರೆ ನಕ್ಷೆಯಲ್ಲಿ ಗುಂಡಿಗೆ ನಾಲ್ಕು ಮೂಲೆ, ನಾಲ್ಕು ಕಲ್ಲು. ಅಂತರ ಅಳೆಯುವುದು ಪರ್ಮಿಟ್ಟಿಗೆ ಮುಂಚೆ. ಗುಂಡಿಗೆ ಕಾಲಿದೆ, ನಿಮಗಿಲ್ಲ ಎಂಬುದೇ ನಿಮ್ಮ ಮೂಲ ದೋಷ.

ಮಳೆ ಬಂದರೆ ಮರಳು ತುಂಬಿಕೊಳ್ಳುತ್ತದಲ್ಲ ಎಂಬ ವಾದವಿದೆ. ತುಂಬುವ ಹೊಳೆಯಲ್ಲಿ ತುಂಬೀತು. ಸರಗೂರಿನ ಕಂಬಗಳೇ, ನಿಮಗೆ ಮಾತ್ರ ಈ ಸಮಾಧಾನ ಹೇಳಲಾರೆ. ನಿಮ್ಮ ಮೇಲೆ 1974ರಿಂದ ಕಬಿನಿ ಜಲಾಶಯ ಕುಳಿತಿದೆ. ವಯನಾಡಿನಿಂದ ಇಳಿಯುವ ಮರಳು ಅದರ ಹೊಟ್ಟೆಯಲ್ಲೇ ತಂಗುತ್ತದೆ. ಗೇಟಿನಿಂದ ಹೊರಬೀಳುವುದು ಮರಳು ಕಳೆದುಕೊಂಡು ಹಸಿದ ನೀರು, ಅದು ಸಿಕ್ಕಿದ್ದನ್ನು ಕೆರೆದುಕೊಂಡು ಹೋಗುತ್ತದೆ. ಅಲ್ಲಿ ಲಾರಿ ತುಂಬುವವರು ಅಸಲನ್ನೇ ತಿನ್ನುತ್ತಿರುತ್ತಾರೆ. ಲಕ್ಷ್ಮಣತೀರ್ಥದ ಹನಗೋಡು, ಕಟ್ಟೆಮಳಲವಾಡಿ ಅಣೆಕಟ್ಟೆಗಳು ಅಷ್ಟು ದೊಡ್ಡವಲ್ಲ, ಆದರೆ ಕಟ್ಟೆಯ ಕೆಳಬುಡದ ಮರಳು ತೆಗೆದರೆ ಕಟ್ಟೆ ಯಾವುದರ ಮೇಲೆ ನಿಲ್ಲಬೇಕು?

ಸೇತುವೆ ಬಿದ್ದರೆ ಅಪರಾಧಿ ಪ್ರವಾಹ. ಇದು ನಮ್ಮಲ್ಲಿ ಸಿದ್ಧವಾಗಿರುವ ಉತ್ತರ. ಪೋರ್ಚುಗಲ್ಲಿನ ಡೌರೊ ನದಿಯಲ್ಲಿ 2001ರ ಮಾರ್ಚ್ 4ರ ರಾತ್ರಿ 19ನೇ ಶತಮಾನದ ಸೇತುವೆಯೊಂದು ಕುಸಿದು 59 ಮಂದಿ ಸತ್ತರು. ಅಲ್ಲೂ ಪ್ರವಾಹವಿತ್ತು. ತನಿಖೆ ನಡೆಸಿದವರು ಕಂಬದ ಬುಡಕ್ಕೆ ಇಳಿದು ನೋಡಿದರು: ವರ್ಷಗಟ್ಟಲೆ ಮರಳು ಎತ್ತಿ ತಳವೇ ಕೆಳಗಿಳಿದಿತ್ತು. ನೂರು ವರ್ಷ ಪ್ರವಾಹ ಕಂಡ ಕಂಬಕ್ಕೆ ಆ ರಾತ್ರಿ ಕಡಿಮೆಯಾದದ್ದು ಕಾಲಡಿಯ ಮರಳು. ಹೊಣೆ ಹೊತ್ತ ಸಚಿವರು ರಾಜೀನಾಮೆ ಕೊಟ್ಟರು. ಆ ದೇಶದಲ್ಲಿ ಕಂಬಗಳಿಗೆ ಅಷ್ಟು ಮರ್ಯಾದೆ ಇದೆ. ನಮ್ಮ ಬಂಟ್ವಾಳ ತಾಲ್ಲೂಕಿನ ಮೂಲರಪಟ್ಣದಲ್ಲಿ 2018ರ ಜೂನ್‌ನಲ್ಲಿ ಫಲ್ಗುಣಿ ನದಿಯ ಸೇತುವೆ ಕುಸಿದಾಗಲೂ ಊರಿನವರು ಬೊಟ್ಟು ಮಾಡಿದ್ದು ಮರಳುಗಾರಿಕೆಯತ್ತ.

ಹಾಗಾದರೆ ಬಡವ ಮನೆ ಕಟ್ಟುವುದು ಬೇಡವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ, ಮರಳಿಲ್ಲದೆ ಗಾರೆಯಿಲ್ಲ. ಆದರೆ ಅದೇ ಬಡವ ಪೇಟೆಗೆ ಹೋಗುವುದು ನಿಮ್ಮ ಮೇಲೆಯೇ, ಅವನ ನಲ್ಲಿಗೆ ನೀರು ಬರುವುದು ಅದೇ ಜಾಕ್‌ವೆಲ್‌ನಿಂದ. ತಳ ಇಳಿದು ನೀರು ಕೊಳವೆಯ ಬಾಯಿಗಿಂತ ಕೆಳಗೆ ಹೋದರೆ ಹೊಸ ಜಾಕ್‌ವೆಲ್‌ನ ಖರ್ಚು ಮರಳಿನ ದರದಲ್ಲಿ ಸೇರಿರುವುದಿಲ್ಲ, ತೆರಿಗೆಯಲ್ಲಿ ಸೇರಿರುತ್ತದೆ. ಎಂ-ಸ್ಯಾಂಡ್ ಬಳಸೋಣವೆಂದರೆ ಅದಕ್ಕೂ ಬಂಡೆ ಸಿಡಿಯಬೇಕು. ಕನ್ನಂಬಾಡಿ ಕಟ್ಟೆಯ ಸುತ್ತ 20 ಕಿ.ಮೀ. ಗಣಿಗಾರಿಕೆ ಬೇಡವೆಂದು ಹೈಕೋರ್ಟ್ 2024ರ ಜನವರಿಯಲ್ಲಿ ತಡೆದದ್ದು ನೆನಪಿರಲಿ. ಕನ್ನಂಬಾಡಿಗೆ ಹೆಸರಿದೆ, ವಕೀಲರು ಸಿಗುತ್ತಾರೆ. ಕಟ್ಟೆಮಳಲವಾಡಿಗೆ ಯಾರು ವಕಾಲತ್ತು ಹಾಕುತ್ತಾರೆ?

ನಿಮ್ಮ ಇನ್ನೊಂದು ತಪ್ಪು, ಬೇರೆ ಬೇರೆ ಮನೆಯಲ್ಲಿ ಹುಟ್ಟಿದ್ದು. ಸೇತುವೆ ಲೋಕೋಪಯೋಗಿ ಇಲಾಖೆಯದು, ನಾಲೆ ಕಾವೇರಿ ನೀರಾವರಿ ನಿಗಮದ್ದು, ಲೈಟು ಕಂಬ ವಿದ್ಯುತ್ ಕಂಪನಿ ಸೆಸ್ಕ್‌ನದು, ಪರ್ಮಿಟ್ ಗಣಿ ಮತ್ತು ಭೂವಿಜ್ಞಾನ ಇಲಾಖೆಯದು. ಪಿರಿಯಾಪಟ್ಟಣದ 150 ಕೆರೆಗೆ ಕಾವೇರಿ ನೀರೆತ್ತುವ ಯೋಜನೆಯೊಂದೇ ಪಂಪು, ಪೈಪು, ವಿದ್ಯುತ್ ಲೈನು ಇಷ್ಟನ್ನೂ ಹೊತ್ತು ನಿಂತಿದೆ. ಮರಳು ಬ್ಲಾಕಿನ ನಕ್ಷೆ ಬರೆಯುವ ದಿನವೇ ಇವರೆಲ್ಲ ಒಂದು ಮೇಜಿಗೆ ಕೂತು ತಮ್ಮ ತಮ್ಮ ಕಂಬ, ಕೊಳವೆ, ಕೇಬಲ್ಲುಗಳನ್ನು ಅದರಲ್ಲಿ ಗುರುತು ಹಾಕಿದರೆ ಸಾಕಿತ್ತು. ಗುತ್ತಿಗೆದಾರನಿಂದ ಠೇವಣಿ ಇರಿಸಿಕೊಂಡು, ಪ್ರತಿವರ್ಷ ಮಳೆಗಾಲದ ಮುಂಚೆ ಮತ್ತು ನಂತರ ತಳ ಅಳೆದು, ಇಳಿದಿದ್ದರೆ ಅಂದೇ ಕೆಲಸ ನಿಲ್ಲಿಸಬೇಕು. ಇದಕ್ಕೆ ಉಪಗ್ರಹ ಬೇಕಿಲ್ಲ. ಕಂಬದ ಮೇಲೆ ಬಣ್ಣದ ಗೆರೆ ಎಳೆದು ಮೀಟರ್ ಅಂಕಿ ಬರೆದರೆ ದನ ಮೇಯಿಸುವ ಹುಡುಗನೂ ಓದಿ ಹೇಳುತ್ತಾನೆ. ಬಹುಶಃ ಅದೇ ತೊಂದರೆ. ಎಲ್ಲರೂ ಓದಬಲ್ಲ ಅಳತೆಯನ್ನು ಕಡತದಲ್ಲಿ ಮುಚ್ಚಿಡಲಾಗುವುದಿಲ್ಲ.

ಅಷ್ಟರವರೆಗೆ ಸ್ವಲ್ಪ ಸರಿದು ನಿಲ್ಲಲು ಸಾಧ್ಯವೇ ಎಂಬುದನ್ನು ಲಿಖಿತವಾಗಿ ತಿಳಿಸುವುದು. ಉತ್ತರ ಬಾರದಿದ್ದಲ್ಲಿ ತಮ್ಮ ಆಕ್ಷೇಪಣೆ ಇಲ್ಲವೆಂದು ಭಾವಿಸಲಾಗುವುದು.

ಇಂತಿ,
ದಿನಾ ನಿಮ್ಮ ಮೇಲೆ ಓಡಾಡುವವನು