ಆತಿಥೇಯಾಜ್ಞಾನ ಮೀಮಾಂಸೆ: ವಿದೇಶಿ ವಿದ್ಯಾರ್ಥಿಗಳೊಡನೆ ಖಾನಾಪುರ ಪ್ರವಾಸ

ಶಾಸ್ತ್ರದ ಪದ್ಧತಿಯಲ್ಲಿ ಮೊದಲು ವಿಷಯ, ಆಮೇಲೆ ಸಂಶಯ, ಅದರ ಬೆನ್ನಿಗೆ ಪೂರ್ವಪಕ್ಷ, ಕೊನೆಗೆ ಸಿದ್ಧಾಂತ. ಪ್ರಸ್ತುತ ವಿಷಯ ಶೈಕ್ಷಣಿಕ ಪ್ರವಾಸ. ಅದರಲ್ಲೂ ಬೆಳಗಾವಿಯಲ್ಲಿ ಓದುವ ವಿದೇಶಿ ವಿದ್ಯಾರ್ಥಿಗಳನ್ನು ಬಸ್ಸಿಗೆ ಹತ್ತಿಸಿ, ‘ನಮ್ಮ ಸಂಸ್ಕೃತಿ ತೋರಸ್ತೀವಿ’ ಎಂದು ಸ್ಥಳೀಯರೂ ಜತೆಗೆ ಹತ್ತಿ, ಕೋಟೆ ಮುಗಿಸಿಕೊಂಡು ಖಾನಾಪುರದ ಕಡೆ ಹೊರಡುವ ಪ್ರವಾಸ. ಸಂಶಯ ಇಷ್ಟೇ: ಇಲ್ಲಿ ಶಿಕ್ಷಣ ಆಗುವುದು ಯಾರಿಗೆ? ಹಾಜರಿ ಪುಸ್ತಕ, ಪ್ರಮಾಣಪತ್ರ, ಬಸ್ಸಿನ ಮುಂದೆ ಕಟ್ಟಿದ ಬ್ಯಾನರು ಮೂರೂ ಒಕ್ಕೊರಲಿನಿಂದ ‘ವಿದೇಶಿಗಳಿಗೆ’ ಎನ್ನುತ್ತವೆ. ಅದು ಲೋಕರೂಢಿ, ಲೋಕರೂಢಿ ಪ್ರಮಾಣವಲ್ಲ. ಶಿಕ್ಷಣ ಆಗುವುದು ಕರೆದುಕೊಂಡು ಹೋದವರಿಗೆ, ವಿದೇಶಿಗಳು ಅಲ್ಲಿ ಬರೀ ಪರೀಕ್ಷಕರು ಎಂಬುದು ಈ ಪ್ರಬಂಧದ ಪ್ರತಿಜ್ಞೆ.

ಈ ಪ್ರತಿಜ್ಞೆಯನ್ನು ಒರೆಗೆ ಹಚ್ಚಲು ಬೆಳಗಾವಿಗಿಂತ ತಕ್ಕ ಪ್ರಯೋಗಶಾಲೆ ಸಿಗಲಾರದು. ಇಲ್ಲಿಯ ಕೆಎಲ್‌ಇ ಶಿಕ್ಷಣ ಸಂಸ್ಥೆ 1916ರದು, ಅದರ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು 1963ರದು. 2010ರಲ್ಲಿ ಯೂನಿವರ್ಸಿಟಿ ಸೈನ್ಸ್ ಮಲೇಷ್ಯಾದ ಜತೆಗೂಡಿ ವೈದ್ಯಕೀಯ ಕೋರ್ಸೂ ಶುರುವಾಗಿ, ಮಲೇಷ್ಯಾದ ಹುಡುಗ ಹುಡುಗಿಯರು ಈ ಊರಲ್ಲೇ ಡಾಕ್ಟರಿಕೆ ಕಲಿತರು. ವಿದೇಶಿ ವಿದ್ಯಾರ್ಥಿ ವೈದ್ಯ ವಿದ್ಯಾರ್ಥಿಯೂ ಆಗಿರುವುದು ನಮ್ಮ ವಾದಕ್ಕೆ ದೊಡ್ಡ ವರ. ವಾರ್ಡಿನಲ್ಲಿ ರೋಗಿಯ ಮಂಚದ ಪಕ್ಕ ನಿಂತು ಅವರು ಕಲಿಯುವ ಮೊದಲ ವಿದ್ಯೆಯೆಂದರೆ ಕೇಳುವುದು: ಯಾವಾಗ ಶುರುವಾಯಿತು, ಮೊದಲು ಹೇಗಿತ್ತು, ಯಾರಿಗೆ ತೋರಿಸಿದ್ದಿರಿ, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ? ಅದೇ ಅಭ್ಯಾಸಬಲದಿಂದ ಅವರು ಗುಡಿಯ ಗೋಡೆಯನ್ನೂ ವಿಚಾರಿಸುತ್ತಾರೆ. ಈ ಬಿರುಕು ಯಾವಾಗಿನದು, ಸುಣ್ಣ ಬಳಿದವರು ಯಾರು, ಇಂಥದೇ ಗುಡಿ ಸುತ್ತಮುತ್ತ ಇನ್ನೆಲ್ಲಿದೆ? ಗೋಡೆ ಸುಮ್ಮನಿರುತ್ತದೆ. ಉತ್ತರಿಸುವ ಹೊಣೆ ಅದರ ಸಂಬಂಧಿಕರ ಮೇಲೆ ಬೀಳುತ್ತದೆ.

ಈ ಸಂಬಂಧಿಕರು ಕೊಡುವ ಉತ್ತರಗಳನ್ನು ವರ್ಗೀಕರಿಸಿದರೆ ಸಿಗುವುದು ಮೂರೇ. ಇವನ್ನು ಉತ್ತರತ್ರಯ ಎನ್ನೋಣ. ಒಂದು, ‘ಅದು ಭಾಳ ಹಳೇದರೀ.’ ಎರಡು, ‘ರಾಜರು ಕಟ್ಟಿಸಿದ್ದರೀ.’ ಮೂರು, ‘ಮೊದಲ ಊಟಾ ಮಾಡೂಣ್ರೀ.’ ಮೂರನೆಯದು ಸರ್ವಪ್ರಶ್ನಾನಿವಾರಕ. ಕೋಟೆಯೊಳಗಿನ ಕಮಲ ಬಸದಿಯಲ್ಲಿ ಮೂರರ ಪ್ರಯೋಗವನ್ನೂ ಒಟ್ಟಿಗೆ ನೋಡಬಹುದು. ವಿದ್ಯಾರ್ಥಿ ತಲೆ ಎತ್ತಿ ಛಾವಣಿಯಲ್ಲಿ ಅರಳಿದ ಕಲ್ಲಿನ ಕಮಲ ನೋಡುತ್ತಾನೆ, ದಳ ಎಣಿಸುತ್ತಾನೆ, ಕಟ್ಟಿಸಿದವರು ಯಾರು ಎನ್ನುತ್ತಾನೆ. ಮೊದಲೆರಡು ಉತ್ತರಗಳು ಜೋಡಿಯಾಗಿ ಹೊರಬೀಳುತ್ತವೆ. ಆದರೆ ಕಟ್ಟಿಸಿದವನು ರಾಜನಲ್ಲ, ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ, 1204ರಲ್ಲಿ. ಅದೇ ಕೋಟೆಯಲ್ಲಿ ಸಫಾ ಮಸೀದಿಯೂ ಇದೆ, ರಾಮಕೃಷ್ಣ ಆಶ್ರಮವೂ ಇದೆ. ಇವೆಲ್ಲ ಒಂದೇ ಕಂದಕದೊಳಗೆ ಹೇಗೆ ಬಂದವು ಎಂಬ ಮುಂದಿನ ಪ್ರಶ್ನೆಗೆ ಮೂರನೆಯ ಉತ್ತರ ಸಿದ್ಧವಾಗಿರುತ್ತದೆ, ಗಡಿಯಾರದಲ್ಲಿ ಇನ್ನೂ ಹತ್ತೂವರೆ ಆಗಿದ್ದರೂ ಸರಿಯೇ. ಹೊಗೆಯಿಂದ ಬೆಂಕಿಯನ್ನು ಊಹಿಸಿದ ತಾರ್ಕಿಕರ ಜಾಡಿನಲ್ಲಿ ಹೇಳುವುದಾದರೆ, ಎಲ್ಲೆಲ್ಲಿ ಅವೇಳೆಯಲ್ಲಿ ಊಟದ ಪ್ರಸ್ತಾಪ ಬರುತ್ತದೆಯೋ ಅಲ್ಲಲ್ಲಿ ಅಜ್ಞಾನವಿದೆ.

ಸುಮಾರು 26 ಕಿ.ಮೀ. ದೂರದ ಖಾನಾಪುರ ದಾಟಿದ ಮೇಲೆ ಪುರಾವೆ ಇನ್ನಷ್ಟು ಗಟ್ಟಿಯಾಗುತ್ತದೆ. ನಂದಗಡದಲ್ಲಿ ಆತಿಥೇಯ ಪಾಸಾಗುತ್ತಾನೆ, ಒಪ್ಪಬೇಕು. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರು ಇದು, ಸಮಾಧಿಯ ಆಲದ ಮರ ಇದು ಎನ್ನುವಾಗ ಅವನ ದನಿ ಏರುತ್ತದೆ, ಕೈ ಇಲ್ಲದ ಕತ್ತಿಯನ್ನು ಬೀಸುತ್ತದೆ. ಲಾವಣಿ, ಸಿನಿಮಾ, ಚೌಕದ ಪ್ರತಿಮೆ ಕೂಡಿ ಕಲಿಸಿದ ಪಾಠ ಅದು. ಮುಂದೆ ಹಲಸಿಯಲ್ಲಿ ಸಿನಿಮಾದ ನೆರವಿಲ್ಲ. ಹಲಸಿಯೆಂದರೆ ಕದಂಬರ ಪಲಾಶಿಕಾ. ಅಲ್ಲಿಯ ತಾಮ್ರಶಾಸನಗಳ ಪ್ರಕಾರ ಕಾಕುಸ್ಥವರ್ಮ ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಹೊಲ ಕೊಟ್ಟ. ಮೊಮ್ಮಗ ಮೃಗೇಶವರ್ಮ ತೀರಿಕೊಂಡ ತಂದೆಯ ಮೇಲಿನ ಭಕ್ತಿಯಿಂದ ಜಿನಾಲಯ ಕಟ್ಟಿಸಿದ. ಗೋವೆಯ ಕದಂಬರ ಕಾಲದ, 12ನೆಯ ಶತಮಾನದ ಭೂವರಾಹ ನರಸಿಂಹ ಗುಡಿಯಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿವೆ. ನಡುವೆ ನಿಂತ ವಿದ್ಯಾರ್ಥಿನಿ ಒಂದಕ್ಕೆ ಮುಖ ಮಾಡಿದರೆ ಇನ್ನೊಂದಕ್ಕೆ ಬೆನ್ನು. ಮೊದಲು ಯಾರಿಗೆ ನಮಸ್ಕಾರ ಎಂದು ಆಕೆ ಮೆಲ್ಲಗೆ ಕೇಳುತ್ತಾಳೆ. ಆತಿಥೇಯ ಪೂಜಾರಿಯ ಮುಖ ನೋಡುತ್ತಾನೆ. ತಾನೂ ಆ ಹೊಸ್ತಿಲನ್ನು ಅವತ್ತೇ ಮೊದಲ ಸಲ ದಾಟಿದ್ದು ಎಂಬ ಗುಟ್ಟು ಅಲ್ಲಿಗೆ ರಟ್ಟಾಗುತ್ತದೆ.

ಇಲ್ಲದ್ದನ್ನು ಇಲ್ಲವೆಂದು ತಿಳಿಸುವ ಪ್ರಮಾಣಕ್ಕೆ ಭಾಟ್ಟ ಮೀಮಾಂಸಕರು ಅನುಪಲಬ್ಧಿ ಎಂದರು. ನೆಲದ ಮೇಲೆ ಗಡಿಗೆ ಕಾಣುತ್ತಿಲ್ಲ, ಆದ್ದರಿಂದ ಗಡಿಗೆ ಇಲ್ಲ ಎಂಬುದು ಶಾಸ್ತ್ರದ ಹಳೆಯ ಉದಾಹರಣೆ. ಖಾನಾಪುರದಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಜೇಡಿಮಣ್ಣಿಗೂ ಹೆಂಚಿಗೂ ಹೆಸರಾದ ಊರು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇರುವುದು ಇಲ್ಲೇ. ತಿಗರಿಯ ಮುಂದೆ ಕೂತ ಮಲೇಷ್ಯಾದವನ ಹೆಬ್ಬೆರಳು ತುಸು ಹೆಚ್ಚೇ ಇಳಿದು, ಮಣ್ಣಿನ ಗೋಡೆ ಒಂದು ಕಡೆ ತೆಳ್ಳಗಾಗಿ, ಬಾಯಿ ಸೊಟ್ಟಗಾಗಿ, ಇಡೀ ಮುದ್ದೆ ಮಗ್ಗುಲಾಗುತ್ತದೆ. ‘ಹಂಗಲ್ಲೋ ತಮ್ಮಾ, ಹಿಂಗ’ ಎಂದು ತೋರಿಸಲು ಕೂತ ಬೆಳಗಾವಿಯವನ ಮುದ್ದೆಯೂ ಅದೇ ಮಗ್ಗುಲಿಗೆ ಬೀಳುತ್ತದೆ. ಈಗ ನೆಲದ ಮೇಲೆ ಎರಡು ಗಡಿಗೆಗಳಿಲ್ಲ. ವಿದೇಶಿಗೆ ಇದರಿಂದ ಹೊಸದೇನೂ ತಿಳಿಯಲಿಲ್ಲ, ತನಗೆ ಗಡಿಗೆ ಮಾಡಲು ಬರದೆಂದು ಅವನಿಗೆ ಮೊದಲೇ ಗೊತ್ತಿತ್ತು. ಹೊಸ ಜ್ಞಾನ ಹುಟ್ಟಿದ್ದು ಆತಿಥೇಯನಲ್ಲಿ ಮಾತ್ರ. ಇದಕ್ಕಿಂತ ಶುದ್ಧವಾದ ಸಾಕ್ಷ್ಯ ಯಾವ ಶಾಸ್ತ್ರಕ್ಕೂ ಸಿಕ್ಕಿರಲಾರದು.

ಇನ್ನು ಪೂರ್ವಪಕ್ಷ. ವಿದೇಶಿಗಳೂ ಕಲಿಯುತ್ತಾರಲ್ಲ, ಕುಂದಾ ತಿನ್ನಲು ಕಲಿತಿಲ್ಲವೇ ಎಂಬುದು ಮೊದಲ ಆಕ್ಷೇಪ. ಕುಂದಾ ತಿನ್ನುವುದು ಕಲಿಕೆಯಲ್ಲ, ಜೀವಿಗಳ ಸ್ವಭಾವ. ಹಾಲನ್ನು ಕೆಂಪಗಾಗುವವರೆಗೆ ಕಾಯಿಸಿದವನಿಗೆ ಸಲ್ಲಬೇಕಾದ ಕೀರ್ತಿಯನ್ನು ಪ್ರವಾಸಕ್ಕೆ ಕೊಡಲಾಗದು. ಬೆಳಗಾವಿಯವರು ವಿದೇಶಿಗಳಿಲ್ಲದೆಯೇ ಹೋಗಿ ಕಲಿಯಬಹುದಲ್ಲ ಎಂಬುದು ಎರಡನೆಯದು. ಹೋಗಬಹುದು. ಆದರೆ ರಜೆ ಬಂದರೆ ಬೆಳಗಾವಿಯ ಕಾರುಗಳು ಚೋರ್ಲಾ ಘಾಟಿ ಹಿಡಿದು ಗೋವಾಕ್ಕೆ ಇಳಿಯುತ್ತವೆ. ಆ ದಾರಿ ಖಾನಾಪುರ ತಾಲ್ಲೂಕಿನ ಕಣಕುಂಬಿಯ ಮೇಲೇ ಹೋಗುತ್ತದೆ, ಮಲಪ್ರಭೆ ಹುಟ್ಟುವುದು ಅಲ್ಲೇ. ಗಾಡಿ ನಿಲ್ಲುವುದು ಮಾತ್ರ ಚಹಾಕ್ಕೆ.

ಮೂರನೆಯ ಆಕ್ಷೇಪ ಗಂಭೀರವಾದದ್ದು: ನಮ್ಮದನ್ನು ನೋಡಲು ಹೊರಗಿನವರ ಕಣ್ಣು ಬೇಕೆನ್ನುವುದು ವಸಾಹತು ಬುದ್ಧಿಯಲ್ಲವೇ? ಇದೇ ತಾಲ್ಲೂಕಿನ ತಳೇವಾಡಿ ಬಳಿಯ ಬಾರಾಪೇಡೆ ಗುಹೆಯ ಬಾವಲಿಗೆ 1913ರಲ್ಲಿ ಪ್ರಾಣಿಶಾಸ್ತ್ರಜ್ಞ ಓಲ್ಡ್‌ಫೀಲ್ಡ್ ಥಾಮಸ್ ಇಟ್ಟದ್ದು ರಾಟನ್ ಎಂಬ ಆಂಗ್ಲ ಅರಣ್ಯಾಧಿಕಾರಿಯ ಹೆಸರು. ಹಲಸಿಯ ತಾಮ್ರಶಾಸನಗಳನ್ನು ಓದಿ ಅಚ್ಚು ಹಾಕಿಸಿದವನು ಜೆ.ಎಫ್. ಫ್ಲೀಟ್. ರಾಯಣ್ಣನ ದಂಗೆಯ ಲಾವಣಿಯನ್ನು ಸಂಗ್ರಹಿಸಿದವನೂ ಅದೇ ಫ್ಲೀಟ್, ಗಲ್ಲಿಗೇರಿಸಿದವರ ಪಾಳೆಯದವನು. ಆಕ್ಷೇಪದ ಸಂಗತಿಗಳೆಲ್ಲ ನಿಜ, ತೀರ್ಮಾನ ತಪ್ಪು. ಆ ಸಾಹೇಬರು ಪ್ರಶ್ನೆ ಕೇಳಿ, ಉತ್ತರವನ್ನೂ ತಾವೇ ಬರೆದುಕೊಂಡರು, ಹೆಸರೂ ಅವರದೇ ಆಯಿತು. ವಿದ್ಯಾರ್ಥಿ ಪ್ರಶ್ನೆ ಕೇಳಿ ಬಸ್ಸು ಹತ್ತುತ್ತಾನೆ. ಉತ್ತರ ಹುಡುಕುವ ಕೆಲಸ ನಮ್ಮ ಪಾಲಿಗೆ ಉಳಿಯುತ್ತದೆ. ಅಧಿಕಾರವಿಲ್ಲದವನ ಪ್ರಶ್ನೆಗೆ ಹೆದರಬೇಕಿಲ್ಲ, ನಾಚಿದರೆ ಸಾಕು.

ಆದ್ದರಿಂದ ಸಿದ್ಧಾಂತ: ವಿದೇಶಿ ವಿದ್ಯಾರ್ಥಿಗಳೊಡನೆ ಹೋಗುವ ಶೈಕ್ಷಣಿಕ ಪ್ರವಾಸವು ಆತಿಥೇಯರ ಸಪ್ಲಿಮೆಂಟರಿ ಪರೀಕ್ಷೆ. ಇದರಿಂದ ಕೆಲವು ವಿಧಿಗಳು ತಾವಾಗಿಯೇ ಹುಟ್ಟುತ್ತವೆ. ಹಾಜರಿ ತೆಗೆದುಕೊಳ್ಳಬೇಕಾದದ್ದು ಸ್ಥಳೀಯರದು. ವಿದೇಶಿಗಳಿಗೆ ಪ್ರಮಾಣಪತ್ರದ ಬದಲು ಪರೀಕ್ಷಕರ ಭತ್ಯೆ ಸಲ್ಲಬೇಕು. ಪ್ರವಾಸದ ವರದಿಯನ್ನು ಆತಿಥೇಯರು ಬರೆಯಬೇಕು, ಅದರಲ್ಲಿ ‘ಭಾಳ ಹಳೇದು’ ಎಂದು ಬಂದ ಕಡೆಯೆಲ್ಲ ಒಂದೊಂದು ಅಂಕ ಕಳೆಯಬೇಕು. ಮಧ್ಯಾಹ್ನ ಒಂದು ಗಂಟೆಗೆ ಮೊದಲು ಊಟದ ಮಾತೆತ್ತುವುದು ನಕಲು ಹೊಡೆದಂತೆ. ವಿದೇಶಿ ವಿದ್ಯಾರ್ಥಿ ಸಿಗದವರು ಮನೆಯ ಮಗುವನ್ನೇ ಕರೆದುಕೊಂಡು ಹೋಗಬಹುದು. ಆರೇಳು ವರ್ಷದ ಕೂಸು ಪ್ರಶ್ನೆಯಲ್ಲಿ ಯಾವ ಪರದೇಶದವರಿಗೂ ಕಡಿಮೆಯಿಲ್ಲ. ಯಾರೊಡನೆ ಹೊರಟರೂ ಹಿಂದಿನ ರಾತ್ರಿ ಒಂದು ತಾಸು ಓದಿಕೊಂಡು ಹೊರಡಿ. ಪರೀಕ್ಷೆಯಂತೂ ತಪ್ಪಿದ್ದಲ್ಲ.