ಚಿಂಚಿಲ್ಲಾದ ತೂಕಕ್ಕೆ ತಿಪಟೂರಿನ ಕಣ್ಣು

ತೂಕದ ವಿಷಯದಲ್ಲಿ ತಿಪಟೂರಿನವರಾದ ನಮಗೆ ಸ್ವಲ್ಪ ಜಂಬ ಇದೆ. ಹತ್ತು-ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಹೇಳುವ ಜನ. ರಾಶಿ ನೋಡಿಯೇ ಇಷ್ಟು ಕ್ವಿಂಟಾಲ್ ಎನ್ನುವ ಹಿರಿಯರು ಚಿಕ್ಕನಾಯಕನಹಳ್ಳಿಯಲ್ಲೂ ಸಿಗುತ್ತಾರೆ, ತುರುವೇಕೆರೆಯಲ್ಲೂ ಸಿಗುತ್ತಾರೆ. ಮದುವೆಮನೆಗೆ ಹೋದರೂ ಈ ವಿದ್ಯೆ ಸುಮ್ಮನಿರುವುದಿಲ್ಲ. "ಯಾಕಪ್ಪಾ, ಇಳಿದುಹೋಗಿದೀಯ?" ಎಂದು ಒಬ್ಬರು, "ಏನಪ್ಪಾ, ಮೈ ಬಂದ್ಬಿಟ್ಟಿದೆ!" ಎಂದು ಇನ್ನೊಬ್ಬರು. ಒಂದೇ ಪಂಕ್ತಿಯಲ್ಲಿ ಕೂತು ಈ ಎರಡೂ ಮಾತು ಕೇಳಿಸಿಕೊಂಡ ಪುಣ್ಯಾತ್ಮ ನಾನು.

ಈ ಜಂಬಕ್ಕೆ ಪೆಟ್ಟು ಬಿದ್ದದ್ದು ಅಮೆರಿಕದ ಮಗಳ ಮನೆಯಲ್ಲಿ. ಮೊಮ್ಮಗಳು ಅಲ್ಲೊಂದು ಚಿಂಚಿಲ್ಲಾ ಸಾಕಿದ್ದಾಳೆ. ಇಲಿಗಿಂತ ದೊಡ್ಡದು, ಮೊಲಕ್ಕಿಂತ ಚಿಕ್ಕದು, ಬೂದಿ ಬಣ್ಣ. ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ. ತುಪ್ಪಳದ ಆಸೆಗೆ ಜನ ಅದರ ವಂಶವನ್ನೇ ಹೆಚ್ಚುಕಡಿಮೆ ಮುಗಿಸಿದ್ದರು. 1923ರಲ್ಲಿ ಮ್ಯಾಥಿಯಾಸ್ ಚಾಪ್‌ಮನ್ ಎಂಬಾತ ಹನ್ನೊಂದನ್ನು ಕ್ಯಾಲಿಫೋರ್ನಿಯಾಕ್ಕೆ ತಂದು ಸಾಕಿದ. ಅವನ ಉದ್ದೇಶವೂ ತುಪ್ಪಳವೇ ಅನ್ನಿ. ಆ ತುಪ್ಪಳವೋ, ಒಂದೊಂದು ರೋಮರಂಧ್ರದಿಂದ ಐವತ್ತಕ್ಕೂ ಹೆಚ್ಚು ಎಳೆ!

"ತಾತ, ಇದರ ತೂಕ ಹೇಳು ನೋಡೋಣ" ಅಂದಳು ಮೊಮ್ಮಗಳು. ನಮ್ಮನೆಯವಳು ಒಂದು ಕೆಜಿ ಅಂದಳು. ನಾನು ಗಂಡಸು, ಇನ್ನರ್ಧ ಸೇರಿಸಿದೆ. ತಕ್ಕಡಿ ತೋರಿಸಿದ್ದು ಐನೂರ ನಲವತ್ತು ಗ್ರಾಂ. ಸುಲಿಯದ ಕಾಯಿ ನೋಡಿ ಕೊಬ್ಬರಿಯ ತೂಕ ಹೇಳಲು ಹೊರಟಂತಾಗಿತ್ತು ನಮ್ಮ ಕಥೆ.

ದನಗಳಿಗಾದರೆ ಲೆಕ್ಕ ಸುಲಭ. ಎದೆಸುತ್ತಳತೆಯ ವರ್ಗವನ್ನು ಮೈಯುದ್ದದಿಂದ ಗುಣಿಸಿ 300ರಿಂದ ಭಾಗಿಸಿದರಾಯಿತು. ಅಳತೆ ಇಂಚಿನಲ್ಲಿದ್ದರೆ ತೂಕ ಪೌಂಡಿನಲ್ಲಿ ಬರುತ್ತದೆ. ಹಸು ಮೆಲುಕು ಹಾಕುತ್ತಾ ನಿಂತು ಸಹಕರಿಸುತ್ತದೆ. ಚಿಂಚಿಲ್ಲಾ ನಿಲ್ಲುವ ಗಿರಾಕಿಯಲ್ಲ. ಗಾಬರಿಯಲ್ಲಿ ಬಿಗಿಯಾಗಿ ಹಿಡಿದರೆ ಒಂದು ಚಿಟಿಕೆ ತುಪ್ಪಳವನ್ನು ನಿಮ್ಮ ಕೈಯಲ್ಲೇ ಬಿಟ್ಟು ಪರಾರಿ.

ಆದ್ದರಿಂದ ಮೊಮ್ಮಗಳದು ಡಬ್ಬಿಯ ಉಪಾಯ. ಅಡುಗೆಮನೆಯ ತಕ್ಕಡಿಯ ಮೇಲೆ ಡಬ್ಬಿ ಇಟ್ಟು, ಸೊನ್ನೆ ಮಾಡಿ, ಒಳಗೆ ಬಿಡುತ್ತಾಳೆ. ವಾರಕ್ಕೊಮ್ಮೆ, ಅದೇ ಹೊತ್ತಿಗೆ. ಹುಟ್ಟಿದಾಗ ಐವತ್ತು ಗ್ರಾಮಿನ ಆಸುಪಾಸು ಇರುವ ಮರಿ ಕಣ್ಣು ಬಿಟ್ಟುಕೊಂಡೇ, ಕೂದಲು ಹೊತ್ತುಕೊಂಡೇ ಭೂಮಿಗೆ ಬರುತ್ತದೆ. ಮೊದಲ ಕೆಲವು ತಿಂಗಳು ಭರದಿಂದ ಬೆಳೆದು ಆಮೇಲೆ ನಿಧಾನಿಸುತ್ತದೆ. ಬೆಳೆದದ್ದು ಸಾಮಾನ್ಯವಾಗಿ ನಾನೂರರಿಂದ ಆರುನೂರು ಗ್ರಾಂ. ಹೆಣ್ಣು ಗಂಡಿಗಿಂತ ತುಸು ತೂಕಸ್ಥೆ. ಈ ಅಂತರವನ್ನು ನೋಡಿದರೇ ತಿಳಿಯುತ್ತದೆ, ಪಕ್ಕದ ಮನೆಯದರ ಜೊತೆ ಹೋಲಿಸಿ ಫಲವಿಲ್ಲ. ಹೋದ ವಾರದ ತನ್ನ ತೂಕದ ಜೊತೆಗೇ ಅದಕ್ಕೆ ಪೈಪೋಟಿ. ಹತ್ತರಲ್ಲಿ ಒಂದು ಪಾಲು ಇಳಿಯಿತೋ, ವೈದ್ಯರ ಬಾಗಿಲು ತಟ್ಟಲೇಬೇಕು. ತಕ್ಕಡಿ ಹೇಳದ್ದನ್ನು ಬೆರಳು ಹೇಳುತ್ತದೆ: ತುಪ್ಪಳದೊಳಗೆ ಮೆಲ್ಲಗೆ ಸವರಿದರೆ ಪಕ್ಕೆಲುಬು ತಿಳಿಯಬೇಕು, ಆದರೆ ಬೆನ್ನುಮೂಳೆ ಚುಚ್ಚಬಾರದು.

ಹಲ್ಲಿನ ವಿಚಾರ ಇನ್ನೂ ಸ್ವಾರಸ್ಯ. ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ನಮ್ಮವರು ಎತ್ತಿನ ಬಾಯಿ ಬಿಡಿಸಿ ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು ಎಂದು ವಯಸ್ಸು ಕಟ್ಟುತ್ತಾರೆ. ಚಿಂಚಿಲ್ಲಾದ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಒಣಹುಲ್ಲು ಅಗಿದು ಅಗಿದು ಸವೆಸಿಕೊಳ್ಳಬೇಕು. ಮುಂದಿನ ಹಲ್ಲು ಅರಿಸಿನ ತಿಂದವರ ಹಾಗೆ ಹಳದಿ-ಕಿತ್ತಳೆ ಇದ್ದರೇ ಆರೋಗ್ಯ. ಹಲ್ಲು ಕೆಟ್ಟರೆ ಮೊದಲು ಸುಳಿವು ಕೊಡುವುದು ಇಳಿಯುವ ತೂಕ.

ಇಷ್ಟೆಲ್ಲ ಕೇಳಿಯೂ ನಮ್ಮನೆಯವಳಿಗೆ ಸಮಾಧಾನವಿಲ್ಲ. ಮನೆಗೆ ಬಂದವರಿಗೆ ಕೊಬ್ಬರಿ-ಬೆಲ್ಲ ಕೊಡದೆ ಕಳಿಸಿದ ವಂಶವಲ್ಲ ಅವಳದು. ಪಂಜರದ ಹತ್ತಿರ ಒಂದು ಚೂರು ಹಿಡಿದು ಹೋದವಳನ್ನು ಮೊಮ್ಮಗಳು ತಡೆದಳು. "ಅಜ್ಜಿ, ಅದರಲ್ಲಿ ಬರೀ ಕೊಬ್ಬು." ಸುಳ್ಳಲ್ಲ, ಒಣಕೊಬ್ಬರಿಯಲ್ಲಿ ಶೇ. 60ಕ್ಕೂ ಹೆಚ್ಚು ಎಣ್ಣೆಯೇ. ಬೆಲ್ಲಕ್ಕೂ ಅಲ್ಲಿ ನಿಷೇಧ. "ತಿಪಟೂರು ಕೊಬ್ಬರಿ ತಿನ್ನಬಾರದಂತೆ! ಇದ್ಯಾವ ಸೀಮೆ ಪ್ರಾಣಿಯೇ?" ಎನ್ನುತ್ತಾ ಆ ಚೂರನ್ನು ನನ್ನ ಕೈಗಿಟ್ಟಳು. ನನ್ನ ತೂಕವನ್ನು ವಾರವಾರ ಬರೆದಿಡುವವರು ಯಾರೂ ಇಲ್ಲವಲ್ಲ.

ಊರಿಗೆ ಬಂದಾಗಿನಿಂದ ಬೀದಿಯ ಮಕ್ಕಳು ಫೋಟೋ ನೋಡಿ ತಮಗೂ ಒಂದು ಬೇಕೆನ್ನುತ್ತಿವೆ. ಬೇಡ. ಶಾಖ ಇಪ್ಪತ್ತೈದು ಡಿಗ್ರಿ ದಾಟಿದರೇ ಅದಕ್ಕೆ ಸಂಕಟ. ನಮ್ಮ ಏಪ್ರಿಲ್ ಬಿಸಿಲಿಗೆ ತಂದು ಕೊಲ್ಲುವುದು ಬೇಡ. ಮೊಲ ಸಾಕುವುದಾದರೆ ನೆರಳಿನಲ್ಲಿ ಸಾಕಿ, ಜೊತೆಗೊಂದು ತಕ್ಕಡಿಯನ್ನೂ ತನ್ನಿ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಅದರ ತೂಕವನ್ನೂ ಗುರುತು ಹಾಕಿ. ಇಳಿಯುತ್ತಾ ಹೋದರೆ ಪಶುವೈದ್ಯರಲ್ಲಿಗೆ ಹೋಗಿ. ಕಣ್ಣಳತೆ ಹೇಳು ಎಂದು ನನ್ನ ಬಳಿ ಮಾತ್ರ ಬರಬೇಡಿ.